ಜೆ. ಆರ್. ಡಿ. ಟಾಟಾ

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ (29 ಜುಲೈ 1904 – 29 ನವೆಂಬರ್ 1993) ಅವರು ಭಾರತದ ನಾಗರಿಕ ವಿಮಾನಯಾನದ ಸ್ಥಾಪಕರು ಹಾಗೂ ದೇಶದ ಪ್ರಮುಖ ಉದ್ಯಮಿಗಳಲ್ಲಿ ಒಬ್ಬರು. ಜೆ. ಆರ್. ಡಿ. ಎಂಬ ಹೆಸರಿನಿಂದಲೇ ಅವರು ಪ್ರಸಿದ್ಧರು. ಭಾರತದಲ್ಲಿ ನೀಡಲಾದ ಮೊದಲನೆಯ ವಿಮಾನ ಚಾಲನಾ ಪರವಾನಗಿ ಅವರದು. 1932ರಲ್ಲಿ ಅವರು ಆರಂಭಿಸಿದ ಅಂಚೆ ವಿಮಾನ ಸೇವೆಯೇ ಮುಂದೆ ಬೆಳೆದು ಏರ್ ಇಂಡಿಯಾ ಆಯಿತು. ಆ ಸೇವೆಯ ಮೊತ್ತಮೊದಲ ಮಾರ್ಗವು ಇಂದಿನ ಕರ್ನಾಟಕದ ಬಳ್ಳಾರಿಯ ಮೂಲಕ ಹಾದುಹೋಗುತ್ತಿತ್ತು.

ಅವರು 1938ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಟಾಟಾ ಸಮೂಹದ ಅಧ್ಯಕ್ಷರಾಗಿದ್ದರು. ಆದರೂ ತಮ್ಮನ್ನು ಮೊದಲು ವೈಮಾನಿಕನೆಂದೂ ಆಮೇಲೆ ಉದ್ಯಮಿಯೆಂದೂ ಎಣಿಸುವಷ್ಟು ಒಲವು ಅವರಿಗೆ ಹಾರಾಟದ ಮೇಲಿತ್ತು. ವಿಮಾನ ಚಾಲಕ ಎಂದೊಡನೆ ಜನಸಾಮಾನ್ಯರ ಮನಸ್ಸಿಗೆ ಬರುವುದು ಸಾಹಸಪ್ರಿಯ, ವೇಗಮೋಹಿ, ತುಸು ಗರ್ವಿಷ್ಠ ವ್ಯಕ್ತಿಯ ಚಿತ್ರ. ತಾರುಣ್ಯದ ಜೆ. ಆರ್. ಡಿ. ಈ ಚಿತ್ರಕ್ಕೆ ಬಹುಮಟ್ಟಿಗೆ ಒಪ್ಪುತ್ತಿದ್ದರು. ಅವರು ಕಟ್ಟಿದ ಸಂಸ್ಥೆಯಾದರೋ ಸಾಹಸದ ಮೇಲಲ್ಲ, ಗಡಿಯಾರ ಮತ್ತು ಶಿಸ್ತಿನ ಮೇಲೆ ನಿಂತಿತು.

ಜನನ ಮತ್ತು ಬಾಲ್ಯ

ಜೆ. ಆರ್. ಡಿ. ಜನಿಸಿದ್ದು ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ. ತಂದೆ ರತನ್‌ಜಿ ದಾದಾಭಾಯಿ ಟಾಟಾ ಅವರು ಟಾಟಾ ಸಮೂಹದ ಸ್ಥಾಪಕ ಜಮ್‌ಶೇಟ್‌ಜಿ ಟಾಟಾ ಅವರ ಬಂಧು ಹಾಗೂ ವ್ಯಾಪಾರದಲ್ಲಿ ಪಾಲುದಾರರು. ತಾಯಿ ಸೂಜಾನ್ ಬ್ರಿಯೇರ್ ಫ್ರೆಂಚ್ ಮಹಿಳೆ. ಐವರು ಮಕ್ಕಳಲ್ಲಿ ಜೆ. ಆರ್. ಡಿ. ಎರಡನೆಯವರು. ಅವರು ಹುಟ್ಟುವ ಎರಡು ತಿಂಗಳ ಹಿಂದೆಯಷ್ಟೇ, 1904ರ ಮೇ ತಿಂಗಳಿನಲ್ಲಿ, ಜಮ್‌ಶೇಟ್‌ಜಿ ತೀರಿಕೊಂಡಿದ್ದರು. ಜಮ್‌ಶೇಟ್‌ಜಿಯವರ ಕನಸಿನ ವಿಜ್ಞಾನ ಸಂಸ್ಥೆ ಮೈಸೂರು ಸಂಸ್ಥಾನವು ನೀಡಿದ 371 ಎಕರೆ ಭೂಮಿಯಲ್ಲಿ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಈ ಸಂಸ್ಥೆಯೊಡನೆ ಜೆ. ಆರ್. ಡಿ. ಅವರ ನಂಟು ಕೊನೆಯವರೆಗೂ ಉಳಿಯಿತು.

ಬಾಲ್ಯದ ಬಹುಭಾಗ ಫ್ರಾನ್ಸಿನಲ್ಲಿ ಕಳೆಯಿತು. ನಡುನಡುವೆ ಮುಂಬಯಿ ಮತ್ತು ಜಪಾನಿನ ಯೊಕೊಹಾಮಾದಲ್ಲಿಯೂ ಶಾಲೆ ಕಲಿತರು. ಫ್ರಾನ್ಸಿನ ಉತ್ತರ ಕಡಲತೀರದ ಆರ್ಡೆಲೋ ಎಂಬ ಊರಿನಲ್ಲಿ ಟಾಟಾ ಕುಟುಂಬಕ್ಕೆ ರಜೆಯ ಮನೆಯೊಂದಿತ್ತು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲ ಬಾರಿಗೆ ದಾಟಿ ಜಗತ್ಪ್ರಸಿದ್ಧರಾದ ಲೂಯಿ ಬ್ಲೆರಿಯೋ ಅಲ್ಲಿ ಅವರ ನೆರೆಯವರು. ಬ್ಲೆರಿಯೋ ಅವರ ವಿಮಾನಗಳು ಕಡಲ ದಂಡೆಯ ಮರಳಿನ ಮೇಲೆ ಬಂದಿಳಿಯುವುದನ್ನು ಹುಡುಗ ಜಹಾಂಗೀರ್ ಕಣ್ಣಾರೆ ಕಂಡನು. ಹದಿನೈದನೆಯ ವಯಸ್ಸಿನಲ್ಲಿ ಅದೇ ಊರಿನಲ್ಲಿ ಪ್ರಯಾಣಿಕನಾಗಿ ಮೊದಲ ಬಾರಿ ಹಾರುವ ಅವಕಾಶ ಒದಗಿತು. ವೈಮಾನಿಕನಾಗಬೇಕೆಂಬ ಹಂಬಲ ಅಂದೇ ಬೇರೂರಿತೆಂದು ಅವರು ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ.

1923ರಲ್ಲಿ ತಾಯಿ ತೀರಿಕೊಂಡರು. ಫ್ರೆಂಚ್ ಪ್ರಜೆಯಾಗಿದ್ದ ಕಾರಣ ಜೆ. ಆರ್. ಡಿ. ಆ ದೇಶದ ಸೇನೆಯಲ್ಲಿ ಕಡ್ಡಾಯ ಸೇವೆ ಸಲ್ಲಿಸಬೇಕಾಯಿತು. ಅವರು ಸ್ಪಾಹಿ ಎಂಬ ಅಶ್ವದಳದಲ್ಲಿದ್ದರು. ಸೇನೆಯಲ್ಲೇ ಮುಂದುವರಿಯುವ ಆಸೆ ಅವರಿಗಿದ್ದರೂ ತಂದೆ ಒಪ್ಪಲಿಲ್ಲ. ಅವರು ಬಿಟ್ಟುಬಂದ ದಳದವರು ಆಮೇಲೆ ಮೊರಾಕ್ಕೊದ ದಂಗೆಯಲ್ಲಿ ಹತರಾದರು. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದುವ ಆಸೆಯೂ ಈಡೇರಲಿಲ್ಲ. 1925ರಲ್ಲಿ ಅವರು ಮುಂಬಯಿಯ ಟಾಟಾ ಕಚೇರಿಯಲ್ಲಿ ಸಂಬಳವಿಲ್ಲದ ಅಭ್ಯರ್ಥಿಯಾಗಿ ಕೆಲಸ ಕಲಿಯತೊಡಗಿದರು. ಮರುವರ್ಷ ತಂದೆಯೂ ತೀರಿಕೊಂಡಾಗ ಇಪ್ಪತ್ತೆರಡರ ಹರೆಯದ ಜೆ. ಆರ್. ಡಿ. ಅವರ ಮೇಲೆ ಕುಟುಂಬದ ಹೊಣೆ ಬಿತ್ತು. ಪದವಿ ಪಡೆಯಲಾಗಲಿಲ್ಲವೆಂಬ ಕೊರಗು ಅವರನ್ನು ಬಹುಕಾಲ ಕಾಡಿತು. ರಾತ್ರಿಯ ವೇಳೆ ಓದಿಯೇ ಅವರು ಆ ಕೊರತೆಯನ್ನು ತುಂಬಿಕೊಂಡರು.

ಪರವಾನಗಿ ಸಂಖ್ಯೆ 1

ಮೊದಲನೆಯ ಮಹಾಯುದ್ಧದಲ್ಲಿ ಇಂದ್ರಲಾಲ್ ರಾಯ್, ಹರ್ದಿತ್ ಸಿಂಗ್ ಮಲಿಕ್ ಮೊದಲಾದ ಭಾರತೀಯರು ಬ್ರಿಟಿಷ್ ವಾಯುದಳದಲ್ಲಿ ಹಾರಿದ್ದರು. ಆದರೆ ಭಾರತದ ನೆಲದಲ್ಲಿಯೇ ಹಾರಾಟ ಕಲಿತು ಪರವಾನಗಿ ಪಡೆಯುವ ಅನುಕೂಲ 1920ರ ದಶಕದ ಕೊನೆಯವರೆಗೂ ಇರಲಿಲ್ಲ. ಮುಂಬಯಿಯಲ್ಲಿ ಫ್ಲೈಯಿಂಗ್ ಕ್ಲಬ್ ಆರಂಭವಾದೊಡನೆ ಜೆ. ಆರ್. ಡಿ. ಅಲ್ಲಿ ಸೇರಿದರು. ಶಿಕ್ಷಕರ ಜೊತೆ ಕೇವಲ ಮೂರೂವರೆ ಗಂಟೆ ಹಾರಿದ ಬಳಿಕ ಒಬ್ಬರೇ ವಿಮಾನ ನಡೆಸಿದರು. 1929ರ ಫೆಬ್ರವರಿ 10ರಂದು ಅವರಿಗೆ ದೊರೆತ ಪರವಾನಗಿಯ ಮೇಲಿನ ಕ್ರಮಸಂಖ್ಯೆ 1. ತಮ್ಮ ಜೀವನದಲ್ಲಿ ದೊರೆತ ಯಾವ ಕಾಗದವೂ ಈ ಪುಟ್ಟ ಪುಸ್ತಿಕೆಯಷ್ಟು ಸಂತೋಷ ಕೊಟ್ಟಿಲ್ಲವೆಂಬ ಭಾವ ಅವರಿಗಿತ್ತು. ಅದೇ ವರ್ಷ ಅವರು ಫ್ರೆಂಚ್ ಪೌರತ್ವವನ್ನು ತೊರೆದರು.

ಆ ದಿನಗಳ ಜೆ. ಆರ್. ಡಿ. ನೆಲದ ಮೇಲೂ ವೇಗದ ಭಕ್ತರೇ ಆಗಿದ್ದರು. ಅವರ ಬಳಿ ಬುಗಾಟಿ ಕಾರೊಂದಿತ್ತು. ಅದನ್ನು ಮುಂಬಯಿಯ ರಸ್ತೆಗಳಲ್ಲಿ ಭರದಿಂದ ಓಡಿಸುತ್ತಿದ್ದರು. ಕಾರಿನ ಅಪಘಾತವೊಂದರ ಸಂಬಂಧ ವಕೀಲ ಜಾಕ್ ವಿಕಾಜಿ ಅವರನ್ನು ಕಾಣಬೇಕಾಗಿ ಬಂದಾಗ ಅವರ ಸೋದರನ ಮಗಳು ಥೆಲ್ಮಾ ವಿಕಾಜಿಯ ಪರಿಚಯವಾಯಿತು. 1930ರ ಡಿಸೆಂಬರ್‌ನಲ್ಲಿ ಅವರಿಬ್ಬರ ವಿವಾಹ ನಡೆಯಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಆಗಾ ಖಾನ್ ಸ್ಪರ್ಧೆ

ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ವಿಮಾನ ನಡೆಸುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ ಕೊಡುವುದಾಗಿ ಆಗಾ ಖಾನ್ ಘೋಷಿಸಿದ್ದರು. ಯಾವ ತುದಿಯಿಂದ ಬೇಕಾದರೂ ಹೊರಡಬಹುದಿತ್ತು. ಪ್ರಯಾಣ ಆರು ವಾರಗಳೊಳಗೆ ಮುಗಿಯಬೇಕಿತ್ತು. 1930ರಲ್ಲಿ ಮೂವರು ಯುವಕರು ಕಣದಲ್ಲಿದ್ದರು. ಮನಮೋಹನ್ ಸಿಂಗ್ ಮತ್ತು ಹದಿಹರೆಯದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಹೊರಟರು. ಜೆ. ಆರ್. ಡಿ. ಕರಾಚಿಯಿಂದ ಹೊರಟರು. ಬಳಸಿದ್ದು ಎರಡು ರೆಕ್ಕೆಗಳ, ತೆರೆದ ಆಸನದ ಜಿಪ್ಸಿ ಮಾತ್ ವಿಮಾನ. ನಕ್ಷೆ ಮತ್ತು ದಿಕ್ಸೂಚಿಗಳೇ ದಾರಿ ತೋರುವ ಸಾಧನಗಳು.

ಈಜಿಪ್ಟಿನ ಅಬೂಕೀರ್ ಎಂಬಲ್ಲಿ ಇಳಿದಾಗ ಎದುರು ದಿಕ್ಕಿನಿಂದ ಬಂದಿದ್ದ ಆಸ್ಪಿ ಎಂಜಿನಿಯರ್ ಅಲ್ಲಿ ಸಿಲುಕಿಕೊಂಡಿದ್ದರು. ಅವರ ಎಂಜಿನ್‌ನ ಸ್ಪಾರ್ಕ್ ಪ್ಲಗ್‌ಗಳು ಕೆಟ್ಟಿದ್ದವು. ಬದಲಿ ಪ್ಲಗ್‌ಗಳಿರಲಿಲ್ಲ. ಜೆ. ಆರ್. ಡಿ. ತಮ್ಮಲ್ಲಿದ್ದ ಬಿಡಿ ಪ್ಲಗ್‌ಗಳನ್ನು ಪ್ರತಿಸ್ಪರ್ಧಿಗೆ ಕೊಟ್ಟು ಮುಂದೆ ಸಾಗಿದರು. ಸ್ವಲ್ಪವೇ ಅಂತರದಲ್ಲಿ ಆಸ್ಪಿ ಮೊದಲು ಗುರಿ ಮುಟ್ಟಿ ಬಹುಮಾನ ಪಡೆದರು. ಈ ಪ್ರಸಂಗವನ್ನು ಶಾಲಾ ಮಕ್ಕಳಿಗೆ ಔದಾರ್ಯದ ಕಥೆಯಾಗಿ ಹೇಳುವುದುಂಟು. ಅದು ನಿಜವೇ. ಆದರೆ ಇನ್ನೊಂದು ಅಂಶವನ್ನೂ ಗಮನಿಸಬೇಕು: ದೂರದ ಹಾರಾಟಕ್ಕೆ ಹೊರಟವರ ಪೈಕಿ ಬಿಡಿಭಾಗಗಳನ್ನು ಸಾಕಷ್ಟು ಕಟ್ಟಿಕೊಂಡು ಬಂದಿದ್ದವರು ಜೆ. ಆರ್. ಡಿ. ವೇಗಪ್ರಿಯನೆಂದು ಹೆಸರಾದವರೊಳಗೆ ಮುನ್ನೆಚ್ಚರಿಕೆಯ ಸ್ವಭಾವವೂ ಆಗಲೇ ಇತ್ತೆಂಬುದಕ್ಕೆ ಇದು ಸಾಕ್ಷಿ. ಆಸ್ಪಿ ಎಂಜಿನಿಯರ್ ಮುಂದೆ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮುಖ್ಯಸ್ಥರಾಗಿ, 1960ರಲ್ಲಿ ಭಾರತೀಯ ವಾಯುಪಡೆಯ ದಂಡನಾಯಕರಾದರು.

ಅಂಚೆ ವಿಮಾನ ಮತ್ತು ಬಳ್ಳಾರಿ

ಬ್ರಿಟನ್ನಿನ ವಾಯುದಳದಲ್ಲಿದ್ದ ನೆವಿಲ್ ವಿನ್ಸೆಂಟ್ ಎಂಬುವರು 1929ರಲ್ಲಿ ಭಾರತಕ್ಕೆ ಬಂದು ಊರೂರುಗಳಲ್ಲಿ ಜನರನ್ನು ವಿಮಾನ ಹತ್ತಿಸಿ ಹಾರಿಸುತ್ತಿದ್ದರು. ಆಗ ಲಂಡನ್ನಿನ ಅಂಚೆಯನ್ನು ಇಂಪೀರಿಯಲ್ ಏರ್‌ವೇಸ್ ವಿಮಾನವು ಕರಾಚಿಯವರೆಗೆ ತರುತ್ತಿತ್ತು. ಅಲ್ಲಿಂದ ದಕ್ಷಿಣದ ಊರುಗಳಿಗೆ ಕಾಗದ ತಲುಪಬೇಕಾದರೆ ರೈಲೇ ಗತಿ. ಕರಾಚಿಯಿಂದ ಅಹಮದಾಬಾದ್, ಮುಂಬಯಿ, ಬಳ್ಳಾರಿಗಳ ಮೂಲಕ ಮದ್ರಾಸಿಗೆ ಅಂಚೆಯನ್ನು ವಿಮಾನದಲ್ಲಿ ಒಯ್ಯುವ ಯೋಜನೆಯನ್ನು ವಿನ್ಸೆಂಟ್ ಜೆ. ಆರ್. ಡಿ. ಅವರ ಮುಂದಿಟ್ಟರು. ಬೇಕಾದ ಬಂಡವಾಳ ಸುಮಾರು 2 ಲಕ್ಷ ರೂಪಾಯಿ. ಸಮೂಹದ ಅಧ್ಯಕ್ಷ ದೊರಾಬ್‌ಜಿ ಟಾಟಾ ಅವರಿಗೆ ಇದರಲ್ಲಿ ಹೆಚ್ಚು ನಂಬಿಕೆಯಿರಲಿಲ್ಲ. ಹಿರಿಯ ಅಧಿಕಾರಿ ಜಾನ್ ಪೀಟರ್‌ಸನ್ ಮಧ್ಯೆ ನಿಂತು ಒಪ್ಪಿಸಿದರು. ಸರ್ಕಾರದೊಡನೆ ಪತ್ರವ್ಯವಹಾರ ಮೂರು ವರ್ಷ ಎಳೆಯಿತು. ಟಾಟಾ ಸಂಸ್ಥೆ ಸಹಾಯಧನದ ಬೇಡಿಕೆಯನ್ನು ಕೈಬಿಟ್ಟು, ಒಯ್ದ ಅಂಚೆಯ ತೂಕದ ಮೇಲೆ ಮಾತ್ರ ಹಣ ಪಡೆಯಲು ಒಪ್ಪಿದ ಮೇಲೆ 1932ರಲ್ಲಿ ಒಪ್ಪಂದವಾಯಿತು.

1932ರ ಅಕ್ಟೋಬರ್ 15ರ ಮುಂಜಾನೆ ಜೆ. ಆರ್. ಡಿ. ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಅಂಚೆಯ ಚೀಲಗಳೊಡನೆ ಮೇಲೇರಿದರು. ವಿಮಾನ ಒಂದೇ ಎಂಜಿನ್‌ನ ಪುಸ್ ಮಾತ್. ವೇಗ ಗಂಟೆಗೆ ಸುಮಾರು 100 ಮೈಲಿ. ನೆಲದೊಡನೆ ಮಾತನಾಡಲು ರೇಡಿಯೊ ಇರಲಿಲ್ಲ. ಅಹಮದಾಬಾದಿನಲ್ಲಿ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನ ಅವರು ಮುಂಬಯಿಯ ಜುಹುವಿನಲ್ಲಿ ಇಳಿದರು. ಮದ್ರಾಸಿನ ಅಂಚೆಯನ್ನು ಅಲ್ಲಿಂದ ವಿನ್ಸೆಂಟ್ ಇನ್ನೊಂದು ಪುಸ್ ಮಾತ್‌ನಲ್ಲಿ ಹೇರಿಕೊಂಡು ಹೊರಟು, ಸಂಜೆ ಬಳ್ಳಾರಿಯಲ್ಲಿ ಇಳಿದು ರಾತ್ರಿ ತಂಗಿದರು. ಮರುದಿನ ಮದ್ರಾಸ್ ತಲುಪಿದರು.

ಬಳ್ಳಾರಿಯಲ್ಲಿ ರಾತ್ರಿ ತಂಗಬೇಕಾದದ್ದಕ್ಕೆ ಕಾರಣ ಸರಳವಾದುದು. ಆ ಕಾಲದ ಚಾಲಕನು ರೈಲುಹಳಿ, ಹೊಳೆ, ಬೆಟ್ಟಗಳನ್ನು ಗುರುತಿಟ್ಟುಕೊಂಡು ದಾರಿ ಹಿಡಿಯುತ್ತಿದ್ದನು; ಕತ್ತಲಾದ ಮೇಲೆ ಅದು ಸಾಧ್ಯವಿರಲಿಲ್ಲ. ಮುಂಬಯಿ ಮತ್ತು ಮದ್ರಾಸುಗಳ ನಡುವಿನ ನೇರ ಗೆರೆಯಿಂದ ಬಳ್ಳಾರಿ ಹೆಚ್ಚು ದೂರವಿಲ್ಲ. ಬಯಲುಸೀಮೆಯಾದ್ದರಿಂದ ಇಳಿಯಲು ಸಮತಟ್ಟಾದ ನೆಲವೂ ಇತ್ತು. ಅಂದು ಅದು ಮದ್ರಾಸ್ ಪ್ರಾಂತದ ಜಿಲ್ಲೆಯಾಗಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಭಾರತದ ಮೊದಲ ದೇಶೀಯ ವಿಮಾನ ಮಾರ್ಗದ ನಿಲ್ದಾಣಗಳಲ್ಲಿ ಒಂದು ಕನ್ನಡ ನಾಡಿನದೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಜುಹು ನಿಲ್ದಾಣವೆಂದರೆ ಕಡಲಂಚಿನ ಕೆಸರು ಬಯಲು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಿದ್ದುದರಿಂದ ವಿಮಾನಗಳನ್ನು ಪುಣೆಗೆ ಸಾಗಿಸಿ ಅಲ್ಲಿಂದ ಹಾರಿಸುತ್ತಿದ್ದರು. ಪಶ್ಚಿಮ ಘಟ್ಟದ ಮೋಡಗಳ ನಡುವೆಯೂ ಅಂಚೆ ತಪ್ಪಲಿಲ್ಲ. ಮೊದಲ ವರ್ಷದಲ್ಲಿ ಈ ಪುಟ್ಟ ಸಂಸ್ಥೆಯ ವಿಮಾನಗಳು 1,60,000 ಮೈಲಿ ಹಾರಿದವು. ಅಂಚೆಯ ಜೊತೆಗೆ 155 ಪ್ರಯಾಣಿಕರನ್ನೂ ಒಯ್ದವು. ಬಂದ ಲಾಭ 60,000 ರೂಪಾಯಿ. ಸಮಯಪಾಲನೆಯಲ್ಲಿ ನೂರಕ್ಕೆ ನೂರು ಸಾಧಿಸಿದ್ದಕ್ಕಾಗಿ ಸರ್ಕಾರದ ವಿಮಾನಯಾನ ಇಲಾಖೆ ತನ್ನ ವರದಿಯಲ್ಲಿ ಟಾಟಾ ಸೇವೆಯನ್ನು ಹೊಗಳಿತು. ಕೊನೆಯ ಈ ಸಂಗತಿಯೇ ಎಲ್ಲಕ್ಕಿಂತ ಮುಖ್ಯವಾದುದು. ಸ್ಪರ್ಧೆಯ ಹಾರಾಟವನ್ನು ಒಮ್ಮೆ ಗೆದ್ದರೆ ಸಾಕು. ಅಂಚೆಯ ವಿಮಾನ ವಾರವಾರವೂ ಹೇಳಿದ ಹೊತ್ತಿಗೆ ಬರಬೇಕು. ಮೋಡ ಕವಿದಾಗ ನುಗ್ಗುವ ಎದೆಗಾರಿಕೆಗಿಂತ, ಯಾವಾಗ ಹಾರಬಾರದೆಂದು ತಿಳಿಯುವ ವಿವೇಕವೂ ಹೊರಡುವ ಮುನ್ನ ಪ್ರತಿಯೊಂದು ಭಾಗವನ್ನೂ ಪರೀಕ್ಷಿಸುವ ತಾಳ್ಮೆಯೂ ಈ ವೃತ್ತಿಗೆ ಬೇಕಾಗಿದ್ದವು.

ವಿನ್ಸೆಂಟ್ ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಇಂಗ್ಲೆಂಡಿನಿಂದ ಹಿಂದಿರುಗುವಾಗ ವಿಮಾನದೊಡನೆ ಕಣ್ಮರೆಯಾದರು. ಟಾಟಾ ವಿಮಾನ ಸೇವೆಯ ಹುಟ್ಟಿಗೆ ಮೂಲ ಕಲ್ಪನೆ ವಿನ್ಸೆಂಟರದೇ ಎಂದು ಜೆ. ಆರ್. ಡಿ. ಕೊನೆಯವರೆಗೂ ಒತ್ತಿ ಹೇಳುತ್ತಿದ್ದರು.

ಏರ್ ಇಂಡಿಯಾ

1938ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಜೆ. ಆರ್. ಡಿ. ಟಾಟಾ ಸಮೂಹದ ಅಧ್ಯಕ್ಷರಾದರು. ಉಕ್ಕು, ವಿದ್ಯುತ್, ರಸಾಯನ, ವಾಹನ ಮುಂತಾದ ಉದ್ಯಮಗಳ ಹೊಣೆ ಹೆಗಲೇರಿದ್ದರೂ ವಿಮಾನ ಸೇವೆಯನ್ನು ಅವರು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. 1946ರಲ್ಲಿ ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ಕಾನ್‌ಸ್ಟೆಲೇಷನ್ ವಿಮಾನ ಮುಂಬಯಿಯಿಂದ ಕೈರೊ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಜೆ. ಆರ್. ಡಿ. ಅದರಲ್ಲಿದ್ದರು. ಇಳಿಯುವ ಹೊತ್ತು ನಿಗದಿತ ಸಮಯಕ್ಕೆ ಸರಿಹೊಂದಿದೆಯೇ ಎಂಬುದೇ ಅವರ ಚಿಂತೆಯಾಗಿತ್ತು. ಮುಂದಿನ ವರ್ಷಗಳಲ್ಲಿ ಏರ್ ಇಂಡಿಯಾ ವಿಮಾನ ಇಳಿದುದನ್ನು ನೋಡಿ ಜಿನೀವಾದ ಜನ ತಮ್ಮ ಗಡಿಯಾರ ಸರಿಪಡಿಸಿಕೊಳ್ಳಬಹುದೆಂಬ ಮಾತು ಹುಟ್ಟಿಕೊಂಡಿತು. ಮಾತು ಉತ್ಪ್ರೇಕ್ಷೆಯಿರಬಹುದು. ಗಡಿಯಾರಗಳ ನಾಡಿನಲ್ಲಿ ಅದು ಹುಟ್ಟಿತೆಂಬುದಂತೂ ಕಡಿಮೆ ಮೆಚ್ಚುಗೆಯಲ್ಲ.

1953ರಲ್ಲಿ ಭಾರತ ಸರ್ಕಾರ ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಿಸಿತು. ತಮ್ಮೊಡನೆ ಸರಿಯಾಗಿ ಸಮಾಲೋಚಿಸಲಿಲ್ಲವೆಂದು ಜೆ. ಆರ್. ಡಿ. ನೊಂದರು, ತಮ್ಮ ವಿರೋಧವನ್ನು ಪ್ರಧಾನಿ ನೆಹರೂ ಅವರಿಗೆ ತಿಳಿಸಿದರು. ಆದರೂ ಸರ್ಕಾರ ಕೇಳಿಕೊಂಡಾಗ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ಅಧ್ಯಕ್ಷಸ್ಥಾನವನ್ನು ಒಪ್ಪಿಕೊಂಡು, ಸಂಬಳವಿಲ್ಲದೆ 25 ವರ್ಷ ದುಡಿದರು. ಕೈತಪ್ಪಿ ಹೋದ ಮನೆಯನ್ನು ತನ್ನದೇ ಎಂಬಂತೆ ಗುಡಿಸಿ ಸಾರಿಸಿದ ಅಪರೂಪದ ನಿದರ್ಶನವಿದು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದವು. 1962ರ ಹೊತ್ತಿಗೆ ಸಂಸ್ಥೆಯ ವಿಮಾನಗಳೆಲ್ಲವೂ ಜೆಟ್ ಆಗಿದ್ದವು. 1958ರಲ್ಲಿ ಜೆ. ಆರ್. ಡಿ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಅಧ್ಯಕ್ಷರೂ ಆದರು.

ಪ್ರಯಾಣದ ಟಿಪ್ಪಣಿಗಳು

ತಮ್ಮ ಸಂಸ್ಥೆಯ ವಿಮಾನದಲ್ಲಿ ಪ್ರಯಾಣಿಸಿದಾಗಲೆಲ್ಲ ಜೆ. ಆರ್. ಡಿ. ಕಂಡದ್ದನ್ನು ಬರೆದಿಟ್ಟು ಅಧಿಕಾರಿಗಳಿಗೆ ಕಳುಹಿಸುತ್ತಿದ್ದರು. ಆಸನ ಎಷ್ಟು ಹಿಂದಕ್ಕೆ ಬಾಗುತ್ತದೆ, ಪರದೆಗಳು ನೆಟ್ಟಗೆ ಇಳಿಬಿದ್ದಿವೆಯೇ, ಚಹಾ ಮತ್ತು ಕಾಫಿಯ ಬಣ್ಣದಲ್ಲಿ ವ್ಯತ್ಯಾಸ ತಿಳಿಯುತ್ತದೆಯೇ, ಪರಿಚಾರಕರ ಕೂದಲು ಓರಣವಾಗಿದೆಯೇ ಎಂಬೆಲ್ಲ ವಿವರಗಳು ಅವುಗಳಲ್ಲಿರುತ್ತಿದ್ದವು. ಕಚೇರಿಯ ಮೇಜಿನ ಮೇಲೆ ಧೂಳು ಕಂಡಾಗ ಬಟ್ಟೆ ತರಿಸಿ ತಾವೇ ಒರೆಸಿದ್ದುಂಟು. ವಿಮಾನದ ಶೌಚಾಲಯದಲ್ಲಿ ಕಾಗದದ ಸುರುಳಿ ಸರಿಯಾಗಿದೆಯೇ ಎಂದು ಅಧ್ಯಕ್ಷರೇ ನೋಡಿ ಬರುತ್ತಿದ್ದರೆಂದು ಜೊತೆಯಲ್ಲಿ ಪ್ರಯಾಣಿಸಿದವರು ನೆನೆದಿದ್ದಾರೆ.

ಸಿಬ್ಬಂದಿಗೆ ಈ ಟಿಪ್ಪಣಿಗಳು ಅಂಜಿಕೆ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. ಇಷ್ಟು ದೊಡ್ಡ ಉದ್ಯಮ ಸಮೂಹದ ಯಜಮಾನ ಪರದೆಯ ಮಡಿಕೆಯನ್ನು ಎಣಿಸಬೇಕೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಈ ಗುಣದ ಬೇರು ಚಾಲಕನ ಆಸನದಲ್ಲಿದೆ. ಹೊರಡುವ ಮೊದಲು ವಿಮಾನದ ಸುತ್ತ ನಡೆದು ತಿರುಪುಗಳನ್ನೂ ಟೈರುಗಳನ್ನೂ ಇಂಧನದ ಮುಚ್ಚಳವನ್ನೂ ನೋಡುವುದು ಪೈಲಟ್‌ನ ನಿತ್ಯಕರ್ಮ. ಅಲ್ಲಿ ಸಣ್ಣದು ಎಂಬುದೇ ಇಲ್ಲ. ಆ ಅಭ್ಯಾಸವನ್ನು ಜೆ. ಆರ್. ಡಿ. ಇಡೀ ಸಂಸ್ಥೆಗೆ ಹರಡಿದರು.

ಪೈಲಟ್‌ಗಳ ಕುರಿತ ಜನಪ್ರಿಯ ಕಲ್ಪನೆ

ವಿಮಾನ ಚಾಲಕರ ಬಗೆಗಿನ ಜನಪ್ರಿಯ ಚಿತ್ರ ರೂಪುಗೊಂಡದ್ದು ಜೆ. ಆರ್. ಡಿ. ಅವರ ಜೀವಿತಕಾಲದಲ್ಲಿಯೇ. ಮೊದಲ ತಲೆಮಾರಿನವರು ಚರ್ಮದ ಟೊಪ್ಪಿಗೆ, ಕನ್ನಡಕ ಧರಿಸಿ ಪ್ರಾಣವನ್ನು ಪಣವಿಟ್ಟು ಹಾರುತ್ತಿದ್ದ ಸಾಹಸಿಗಳು. ಅಂಥವರನ್ನು ನಂಬಿ ಸಂಸಾರಸ್ಥರು ವಿಮಾನ ಹತ್ತಲು ಹಿಂಜರಿಯುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆ ತನ್ನ ಚಾಲಕರಿಗೆ ನೌಕಾಧಿಕಾರಿಗಳ ಮಾದರಿಯ ಉಡುಪನ್ನು ತೊಡಿಸಿತು. ತೋಳಿನ ಮೇಲಿನ ಪಟ್ಟಿಗಳು, ಕ್ಯಾಪ್ಟನ್ ಎಂಬ ಬಿರುದು ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿದವು. ಗಂಭೀರವಾದ ದನಿ, ಕಪ್ಪು ಕನ್ನಡಕ, ಯಾವುದಕ್ಕೂ ಅಳುಕದ ಮುಖ, ಕೈಕೆಳಗಿನವರು ಎದುರಾಡಬಾರದೆಂಬ ಬಿಗುಮಾನ ಇವೆಲ್ಲ ಸೇರಿ ಪೈಲಟ್ ಎಂಬ ಸಿದ್ಧ ಚಿತ್ರವಾಯಿತು. ಆ ಚಿತ್ರದಲ್ಲಿ ಹೆಂಗಸಿಗೆ ಎಡೆಯೇ ಇರಲಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ಶಾಲೆಯಿಂದ 1949ರಲ್ಲಿಯೇ ಉಷಾ ಸುಂದರಂ ತರಬೇತಿ ಮುಗಿಸಿ ಹೊರಬಂದಿದ್ದರೂ ಜನರ ಕಲ್ಪನೆ ಬೇಗ ಬದಲಾಗಲಿಲ್ಲ.

ಈ ಗುಣಗಳಲ್ಲಿ ಕೆಲವು ವೃತ್ತಿಗೆ ಅಗತ್ಯವೇ. 1955ರ ಏಪ್ರಿಲ್ 11ರಂದು ಏರ್ ಇಂಡಿಯಾದ ಕಾಶ್ಮೀರ್ ಪ್ರಿನ್ಸೆಸ್ ವಿಮಾನದಲ್ಲಿ ಹಾಂಗ್‌ಕಾಂಗ್‌ನಲ್ಲಿ ಯಾರೋ ಇಟ್ಟಿದ್ದ ಬಾಂಬು ಕಡಲ ಮೇಲೆ ಸಿಡಿಯಿತು. ಕ್ಯಾಪ್ಟನ್ ಡಿ. ಕೆ. ಜತಾರ್ ಉರಿಯುವ ವಿಮಾನವನ್ನು ಹಿಡಿತದಲ್ಲಿಟ್ಟು ನೀರಿನ ಮೇಲೆ ಇಳಿಸಲೆತ್ನಿಸಿದರು. ಒಳಗಿದ್ದ 19 ಮಂದಿಯಲ್ಲಿ ಮೂವರು ಬದುಕಿದರು, ಜತಾರ್ ಉಳಿಯಲಿಲ್ಲ. ಸರ್ಕಾರ ಅವರಿಗೆ ಮರಣೋತ್ತರ ಶೌರ್ಯ ಪ್ರಶಸ್ತಿ ನೀಡಿತು.

ಆದರೆ ಧೈರ್ಯದಿಂದ ತಪ್ಪಿಸಲಾಗದ ದುರಂತಗಳೂ ಇದ್ದವು. 1950ರಲ್ಲಿ ಮಲಬಾರ್ ಪ್ರಿನ್ಸೆಸ್ ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಬಡಿದು 48 ಜನ ಸತ್ತರು. 1966ರ ಜನವರಿ 24ರಂದು ಅದೇ ಶಿಖರಕ್ಕೆ ಕಾಂಚನಜುಂಗಾ ಎಂಬ ಬೋಯಿಂಗ್ 707 ಅಪ್ಪಳಿಸಿ 117 ಜನರು ಪ್ರಾಣ ಕಳೆದುಕೊಂಡರು. ಶಿಖರವನ್ನು ದಾಟಿಯಾಯಿತೆಂದು ತಿಳಿದು ಕ್ಯಾಪ್ಟನ್ ಕೆಳಗಿಳಿಯತೊಡಗಿದ್ದರು. ನೆಲದಿಂದ ಬಂದ ಸೂಚನೆಯ ಅರ್ಥವೂ ತಪ್ಪಾಗಿ ಗ್ರಹಿಕೆಯಾಗಿತ್ತು. ಸತ್ತವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು. ಭಾಭಾ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಮೂಲಭೂತ ಸಂಶೋಧನಾ ಸಂಸ್ಥೆಯ ಯೋಜನೆಗೆ ಬೆಂಬಲವಾಗಿ ನಿಂತವರು ಜೆ. ಆರ್. ಡಿ. ತಾವೇ ಬೆಳೆಸಿದ ಸಂಸ್ಥೆಯ ವಿಮಾನದಲ್ಲಿ ಆಪ್ತ ಮಿತ್ರನನ್ನು ಕಳೆದುಕೊಳ್ಳುವುದು ಎಂತಹ ಆಘಾತವೆಂಬುದನ್ನು ಊಹಿಸಬಹುದು.

1978ರ ಹೊಸ ವರ್ಷದ ದಿನ ರಾತ್ರಿ ಎಂಪರರ್ ಅಶೋಕ ಎಂಬ ಜಂಬೋ ಜೆಟ್ ಮುಂಬಯಿಯಿಂದ ದುಬೈಗೆ ಹೊರಟು ಕೆಲವೇ ಕ್ಷಣಗಳಲ್ಲಿ ಸಮುದ್ರಕ್ಕೆ ಬಿತ್ತು. 213 ಜನರಲ್ಲಿ ಯಾರೂ ಉಳಿಯಲಿಲ್ಲ. ಕ್ಯಾಪ್ಟನ್‌ರ ಮುಂದಿನ ಉಪಕರಣ ವಿಮಾನದ ಬಾಗುವಿಕೆಯನ್ನು ತಪ್ಪಾಗಿ ತೋರಿಸಿತ್ತು. ಕಡಲ ಕತ್ತಲೆಯಲ್ಲಿ ಕ್ಷಿತಿಜ ಕಾಣುವಂತಿರಲಿಲ್ಲ. ಅದಕ್ಕೂ ಮುನ್ನ, 1977ರ ಮಾರ್ಚ್‌ನಲ್ಲಿ, ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೋ ಜೆಟ್‌ಗಳು ನೆಲದ ಮೇಲೆಯೇ ಡಿಕ್ಕಿಯಾಗಿ 583 ಜನರು ಸತ್ತಿದ್ದರು. ಅನುಮತಿ ಸಿಗುವ ಮೊದಲೇ ವಿಮಾನವನ್ನು ಓಡಿಸಿದ ಡಚ್ ಕ್ಯಾಪ್ಟನ್ ತನ್ನ ಸಂಸ್ಥೆಯ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿದ್ದ ಹೆಸರಾಂತ ಹಿರಿಯ. ಹಿರಿಯನ ಮಾತನ್ನು ಕಿರಿಯರು ಗಟ್ಟಿಯಾಗಿ ಪ್ರಶ್ನಿಸದಿದ್ದುದು ದುರಂತದ ಕಾರಣಗಳಲ್ಲಿ ಒಂದಾಯಿತು. ಇದಾದ ಮೇಲೆ ಜಗತ್ತಿನ ವಿಮಾನ ಸಂಸ್ಥೆಗಳು ಕ್ಯಾಪ್ಟನ್ ಒಬ್ಬನೇ ಸರ್ವಜ್ಞನೆಂಬ ಭಾವನೆಯನ್ನು ಬಿಡಿಸಿ, ಸಹಚಾಲಕರು ನಿರ್ಭಯವಾಗಿ ಮಾತನಾಡುವಂತೆ ತರಬೇತಿ ನೀಡತೊಡಗಿದವು.

ಹುದ್ದೆಯಿಂದ ತೆಗೆದದ್ದು

ಎಂಪರರ್ ಅಶೋಕ ದುರಂತದ ಮರುತಿಂಗಳೇ, 1978ರ ಫೆಬ್ರವರಿಯಲ್ಲಿ, ಮೊರಾರ್ಜಿ ದೇಸಾಯಿ ಅವರ ಸರ್ಕಾರ ಜೆ. ಆರ್. ಡಿ. ಅವರನ್ನು ಏರ್ ಇಂಡಿಯಾದ ಅಧ್ಯಕ್ಷಸ್ಥಾನದಿಂದ ತೆಗೆದು, ನಿವೃತ್ತ ವಾಯುದಂಡನಾಯಕ ಪಿ. ಸಿ. ಲಾಲ್ ಅವರನ್ನು ನೇಮಿಸಿತು. ಅಣುಶಕ್ತಿ ಆಯೋಗದ ಸದಸ್ಯತ್ವವೂ ಹೋಯಿತು. ನಾಲ್ಕೂವರೆ ದಶಕ ಸಲಹಿದ ಸಂಸ್ಥೆಯಿಂದ ಸೌಜನ್ಯದ ಮುನ್ಸೂಚನೆಯೂ ಇಲ್ಲದೆ ಹೊರಗಾದದ್ದು ಅವರನ್ನು ಬಹಳ ನೋಯಿಸಿತು. 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ಅವರನ್ನು ಮತ್ತೆ ಆಡಳಿತ ಮಂಡಳಿಗೆ ಸೇರಿಸಿತು. ಅಧ್ಯಕ್ಷಸ್ಥಾನ ಮಾತ್ರ ಮರಳಿ ಬರಲಿಲ್ಲ.

ವ್ಯಕ್ತಿತ್ವ

ತೆಳ್ಳನೆಯ, ನೆಟ್ಟಗಿನ ಮೈಕಟ್ಟು, ಕತ್ತರಿಸಿಟ್ಟ ಮೀಸೆ, ವಿನಯದ ನಡೆ. ಸಾಮಾನ್ಯರ ಪತ್ರಗಳನ್ನೂ ಅವರು ಅಲಕ್ಷಿಸುತ್ತಿರಲಿಲ್ಲ. 1974ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿನಿಯೊಬ್ಬರು, ಟೆಲ್ಕೊ ಕಂಪನಿಯ ಉದ್ಯೋಗ ಪ್ರಕಟಣೆಯಲ್ಲಿ ಸ್ತ್ರೀಯರು ಅರ್ಜಿ ಹಾಕಬೇಕಿಲ್ಲವೆಂದಿದ್ದುದನ್ನು ಕಂಡು ಸಿಟ್ಟಿನಿಂದ ಜೆ. ಆರ್. ಡಿ. ಅವರಿಗೇ ಒಂದು ಅಂಚೆ ಕಾರ್ಡು ಬರೆದರು. ಕೆಲವೇ ದಿನಗಳಲ್ಲಿ ಅವರಿಗೆ ಸಂದರ್ಶನದ ಕರೆ ಬಂದು ಕೆಲಸವೂ ಸಿಕ್ಕಿತು. ಮುಂದೆ ಕನ್ನಡದ ಲೇಖಕಿಯಾಗಿ ಹೆಸರಾದ ಸುಧಾ ಮೂರ್ತಿ ಅವರೇ ಆ ವಿದ್ಯಾರ್ಥಿನಿ. ಅಂಚೆಯನ್ನು ಹೊತ್ತು ಹಾರಿದ ಮನುಷ್ಯನಿಗೆ ಒಂದು ಕಾರ್ಡಿನ ಬೆಲೆ ಗೊತ್ತಿತ್ತು.

ಮರುಹಾರಾಟಗಳು

ಅಂಚೆ ಸೇವೆಗೆ 30 ವರ್ಷ ತುಂಬಿದ 1962ರಲ್ಲಿ ಜೆ. ಆರ್. ಡಿ. ಕರಾಚಿಯಿಂದ ಮುಂಬಯಿಗೆ ಹಳೆಯ ಮಾದರಿಯ ಪುಟ್ಟ ವಿಮಾನದಲ್ಲಿ ಮತ್ತೆ ಹಾರಿದರು. 50 ವರ್ಷ ತುಂಬಿದ 1982ರ ಅಕ್ಟೋಬರ್ 15ರಂದು ಇನ್ನೊಮ್ಮೆ ಹಾರಿದರು. ಆಗ ಅವರಿಗೆ 78 ವರ್ಷ. ಬಳಸಿದ್ದು ಪುಸ್ ಮಾತ್‌ನ ಸೋದರನೆನ್ನಬಹುದಾದ ಲೆಪರ್ಡ್ ಮಾತ್. ನಡುವೆ ಅಹಮದಾಬಾದಿನಲ್ಲಿ ಇಳಿದು, ಜುಹುವಿನಲ್ಲಿ ಕಾದಿದ್ದ ಜನರ ಎದುರು ನಯವಾಗಿ ನೆಲ ಮುಟ್ಟಿದರು. ಕೆಲಸದಲ್ಲಿ ಹುರುಪು, ಸಾಹಸದಲ್ಲಿ ಸಂತೋಷ ಇವೆರಡೂ ದೇಶದ ಯುವಜನರಲ್ಲಿ ಕುಗ್ಗುತ್ತಿವೆಯೆಂಬ ಅಳುಕು ಅವರಿಗಿತ್ತು. ಅದನ್ನು ಬಡಿದೆಬ್ಬಿಸುವುದೇ ಈ ಹಾರಾಟದ ಉದ್ದೇಶವೆಂದು ಅವರು ತಿಳಿಸಿದ್ದರು.

ಗೌರವಗಳು ಮತ್ತು ನಿಧನ

ಜೆ. ಆರ್. ಡಿ. ಅವರಿಗೆ 1955ರಲ್ಲಿ ಪದ್ಮವಿಭೂಷಣ, 1992ರಲ್ಲಿ ಭಾರತರತ್ನ ದೊರೆತವು. ಫ್ರಾನ್ಸಿನ ಲೀಜಿಯನ್ ಆಫ್ ಆನರ್, ವಿಮಾನಯಾನ ಕ್ಷೇತ್ರದ ಟೋನಿ ಜಾನಸ್ ಪ್ರಶಸ್ತಿ (1979) ಹಾಗೂ ಡೇನಿಯಲ್ ಗುಗೆನ್‌ಹೈಮ್ ಪದಕ (1988) ಅವರಿಗೆ ಸಂದ ಇತರ ಗೌರವಗಳು. ಭಾರತೀಯ ವಾಯುಪಡೆ ಅವರಿಗೆ ಏರ್ ವೈಸ್ ಮಾರ್ಷಲ್ ಎಂಬ ಗೌರವ ಪದವಿ ನೀಡಿತ್ತು.

ಅವರ ಪ್ರೇರಣೆಯಿಂದ 1988ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು. ಭೌತವಿಜ್ಞಾನಿ ರಾಜಾ ರಾಮಣ್ಣ ಅದರ ಮೊದಲ ನಿರ್ದೇಶಕರು.

1993ರ ನವೆಂಬರ್ 29ರಂದು ಜಿನೀವಾದಲ್ಲಿ ಜೆ. ಆರ್. ಡಿ. ನಿಧನರಾದರು. ಹುಟ್ಟಿದ ಊರಾದ ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನದಲ್ಲಿ, ಅವರ ಕುಟುಂಬದವರ ಬಳಿಯಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು. ಭಾರತೀಯ ಅಂಚೆ ಇಲಾಖೆ 1994ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯಕ್ಕೆ ಇಂದು ಅವರ ಹೆಸರಿದೆ.